ಅಪ್ಪನ ಬರಿಗಾಲು, ಆಫೀಸಿನ ಕೂಲರ್

ಬೀದರಿನ ನಮ್ಮ ಆಫೀಸಿನಲ್ಲಿ ನಾನು ನಡೆದು ಬರುವುದು ಕಂಡರೆ ಸಾಕು, ಹೊಸ ಹುಡುಗಿಯರು ಎಕ್ಸ್‌ಟೆನ್ಶನ್ ಬೋರ್ಡನ್ನು ಕಾಲಿನಿಂದ ಮೇಜಿನ ಕೆಳಕ್ಕೆ ದೂಡುತ್ತಾರೆ. ನಾನು ಬಿಡುವವಳಲ್ಲ. ಮೊಣಕಾಲು ನೋವೆಂದು ಗೊಣಗುತ್ತಲೇ ಬಗ್ಗಿ ಅದನ್ನು ಹೊರಗೆಳೆಯುತ್ತೇನೆ. ತಂತಿಯ ಮೈ ಹರಿದಿದೆಯೇ, ಚಹಾದ ಕೆಟಲ್ಲನ್ನೂ ಅದಕ್ಕೇ ಚುಚ್ಚಿದ್ದಾರೆಯೇ, ಓಡಾಡುವ ದಾರಿಗೆ ಅಡ್ಡ ಬಿದ್ದಿದೆಯೇ, ಎಲ್ಲ ನೋಡಿಯೇ ಏಳುವುದು. ಕಪಾಟಿನ ಮೇಲೆ ಭಾರದ ಪೆಟ್ಟಿಗೆ ಇಟ್ಟಿದ್ದರೆ ಇಳಿಸುವವರೆಗೆ ಅಲ್ಲೇ ನಿಲ್ಲುತ್ತೇನೆ. ಒದ್ದೆ ನೆಲ ಕಂಡರೆ ನನ್ನ ದನಿ ತಾನಾಗಿಯೇ ಏರುತ್ತದೆ. ‘ಮೇಡಂ ರೌಂಡಿಗೆ ಹೊಂಟಾರ’ ಎಂದು ಬೆನ್ನ ಹಿಂದೆ ಪಿಸುಗುಡುವುದು ಕಿವಿಗೆ ಬೀಳುತ್ತದೆ. ಕೇಳಿಸದವರ ಹಾಗೆ ಮುಂದೆ ಹೋಗುತ್ತೇನೆ.

ಯಾಕಿಷ್ಟು ತಲೆ ಕೆಡಿಸಿಕೊಳ್ಳುತ್ತೀರಿ ಎಂದು ಕೇಳಿದವರಿಗೆ, ವಯಸ್ಸಾಯಿತಲ್ಲ ಅದಕ್ಕೆ, ಎಂದು ಹೇಳಿ ಸಾಗಹಾಕುತ್ತೇನೆ. ನಿಜ ಸಂಗತಿ ಬೇರೆ. ಯಾವ ಕಚೇರಿಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಜನರ ಪಾದಗಳ ಮೇಲೆ. ಅದು ನನ್ನ ಅಪ್ಪನಿಂದ ಬಂದ ಅಭ್ಯಾಸ.

ನನಗೆ ಮೊದಲು ಕೆಲಸ ಸಿಕ್ಕಿದ್ದು ಔರಾದದ ತಾಲೂಕು ಕಚೇರಿಯಲ್ಲಿ. ಪರೀಕ್ಷೆ ಪಾಸಾಗಿ ಟೈಪಿಸ್ಟ್ ಆಗಿ ಹೋದೆ. ಅದೇ ಕಚೇರಿಯಲ್ಲಿ ಅಪ್ಪ ಬಹಳ ವರ್ಷಗಳಿಂದ ಜವಾನನಾಗಿದ್ದ. ನಮ್ಮ ಊರು ಭಾತಂಬ್ರಾದ ಪಕ್ಕ. ಅವ್ವ ಅಲ್ಲಿ ಇದ್ದಷ್ಟು ಹೊಲ, ಒಂದು ಎಮ್ಮೆ ನೋಡಿಕೊಂಡು ಇರುತ್ತಿದ್ದಳು. ನಾನೂ ಅಪ್ಪನೂ ಔರಾದದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದೆವು. ಶನಿವಾರ ಭಾಲ್ಕಿಯ ಬಸ್ಸು ಹತ್ತಿ ಊರಿಗೆ ಹೋಗುವುದು, ಸೋಮವಾರ ಬೆಳಗ್ಗೆ ರೊಟ್ಟಿಯ ಗಂಟು ಹಿಡಿದು ಮರಳುವುದು.

ಕೆಲಸಕ್ಕೆ ಹಾಜರಾದ ದಿನ ಅಪ್ಪ ನನ್ನ ಮುಂದೆ ನೀರಿನ ಲೋಟ ಇಟ್ಟು, ‘ತಗೋರಿ ಮೇಡಂ’ ಎಂದ. ನನಗೆ ಮೈಯೆಲ್ಲ ಉರಿಯಿತು. ಸಂಜೆ ಕೋಣೆಗೆ ಬಂದು ಜಗಳ ತೆಗೆದೆ.

‘ನನಗ ಮೇಡಂ ಅಂತೀ? ನಿನ್ನ ಮಗಳು ಇದ್ದೀನಿ ನಾ.’

‘ಮನ್ಯಾಗ ಮಗಳು. ಅಲ್ಲಿ ಮೇಡಂ,’ ಎಂದು ಅಪ್ಪ ಒಲೆಯ ಮೇಲಿನ ಅನ್ನ ನೋಡುತ್ತ ಹೇಳಿದ. ‘ಇಷ್ಟು ವರ್ಷ ಎಷ್ಟ ಮಂದಿಗೋ ಮೇಡಂ ಅಂದೀನಿ. ಒಂದ್ಸಲ ಖುಷಿಲಿಂದ ಅನ್ಲಿಕ್ಕೆ ಬಿಡು.’

 ಅವನು ಆಫೀಸಿನಲ್ಲಿ ಕೊನೆಯವರೆಗೂ ನನ್ನನ್ನು ಮೇಡಂ ಎಂದೇ ಕರೆಯುವವನಿದ್ದ. ಹಾಗೆಂದು ನಾನು ತಿಳಿದುಕೊಂಡಿದ್ದೆ.

ಆ ಕಚೇರಿಯ ಒಂದು ರೀತಿ ಹೇಳಬೇಕು. ಹೊಸಬರು ಬಂದರೆ ಅಲ್ಲಿನ ಅಪಾಯಗಳನ್ನೆಲ್ಲ ಅವರಿಗೆ ಪರಿಚಯ ಮಾಡಿಸುತ್ತಿದ್ದರು. ಮನೆಗೆ ಬಂದ ಸೊಸೆಗೆ ಬಳಗದವರನ್ನು ತೋರಿಸುವ ಹಾಗೆ, ಹಿರಿಯ ಗುಮಾಸ್ತರು ನನ್ನನ್ನು ಸುತ್ತಾಡಿಸಿದರು. ಈ ಕುರ್ಚಿಯ ಹಿಂದಿನ ಕಾಲು ಸಡಿಲ, ಒರಗಬೇಡಿ. ಈ ಡ್ರಾಯರ್ ಜೋರಾಗಿ ಎಳೆದರೆ ಪಾದದ ಮೇಲೆಯೇ ಬೀಳುತ್ತದೆ. ರೆಕಾರ್ಡ್ ಕೋಣೆಯ ಮೂಲೆಯ ರ‍್ಯಾಕು ಗೋಡೆ ಬಿಟ್ಟಿದೆ, ಮೇಲಿನ ಗಂಟುಗಳನ್ನು ಮುಟ್ಟಬೇಡಿ. ಈ ಸ್ವಿಚ್ಚನ್ನು ಮಾತ್ರ ಕಟ್ಟಿಗೆಯ ರೂಲರಿನಿಂದಲೇ ಒತ್ತಬೇಕು, ರೂಲರ್ ಇಲ್ಲೇ ಮೊಳೆಗೆ ತೂಗುಹಾಕಿದ್ದೇವೆ. ಅದನ್ನು ಅವರು ಹೆಮ್ಮೆಯಿಂದ ಹೇಳಿದರು. ಸರಿಪಡಿಸುವ ಮಾತು ಯಾರೂ ಎತ್ತಲಿಲ್ಲ. ಎಲ್ಲರಿಗೂ ಗೊತ್ತಿದೆಯಲ್ಲ, ಇನ್ನೇನು ಸರಿಪಡಿಸುವುದು ಎಂಬ ಧೋರಣೆ.

ಆದರೆ ಎಲ್ಲರಿಗೂ ಎಂದರೆ ಕುರ್ಚಿಯಲ್ಲಿ ಕೂರುವ ನಮಗೆ. ಹೊರಗಿನಿಂದ ಬಂದು ನಿಲ್ಲುವ ಜನಕ್ಕೆ ಈ ಪರಿಚಯ ಮಾಡಿಸುವವರು ಇರಲಿಲ್ಲ.

ಆ ವರ್ಷಗಳಲ್ಲಿ ಜನವೋ ಜನ. ಮಳೆ ಒಂದರ ಹಿಂದೊಂದು ವರ್ಷ ಕೈಕೊಟ್ಟಿತ್ತು. ಮಾಂಜ್ರಾ ನದಿಯಲ್ಲಿ ಮರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಔರಾದದ ಬಸ್‌ಸ್ಟ್ಯಾಂಡಿನಲ್ಲಿ ಹೈದರಾಬಾದಿಗೆ, ಪುಣೆಗೆ ಹೊರಟವರು ಹಾಸಿಗೆ ಸುತ್ತಿಕೊಂಡು, ಪಾತ್ರೆಯ ಚೀಲ ಹಿಡಿದು ಕೂತಿರುತ್ತಿದ್ದರು. ಹೊರಡುವ ಮೊದಲು ಒಂದಲ್ಲ ಒಂದು ಕಾಗದಕ್ಕೆ ನಮ್ಮಲ್ಲಿಗೆ ಬರಲೇಬೇಕು. ಬಂದವರು ಮೆಟ್ಟಿಲ ಬದಿಗೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒಳಗೆ ಬಂದು ಗೋಡೆಗೆ ಆನಿಕೊಂಡು ನಿಲ್ಲುತ್ತಿದ್ದರು.

ಚಪ್ಪಲಿ ಬಿಡಿ ಎಂದು ಅವರಿಗೆ ಯಾರೂ ಹೇಳುತ್ತಿರಲಿಲ್ಲ. ಸಾಹೇಬರಾಗಿ ಬಂದಿದ್ದವರು ಇನ್ನೂ ಹರೆಯದವರು, ಅಂಥದ್ದನ್ನೆಲ್ಲ ಬಯಸುವವರಲ್ಲ. ಆದರೆ ಮೆಟ್ಟಿಲ ಬದಿಯಲ್ಲಿ ಎಲ್ಲಕ್ಕಿಂತ ಮೊದಲು ಒಂದು ಜೊತೆ ಚಪ್ಪಲಿ ಇರುತ್ತಿತ್ತು. ಸವೆದ ಚರ್ಮದ, ಮೂತಿಯನ್ನು ರಸ್ತೆಯ ಕಡೆ ಮಾಡಿ ನೆಟ್ಟಗೆ ಬಿಟ್ಟ ಚಪ್ಪಲಿ. ಅದು ಅಪ್ಪನದು. ಕಚೇರಿಯ ಜವಾನನೇ ಹೊರಗೆ ಬಿಟ್ಟಿದ್ದಾನೆ ಎಂದ ಮೇಲೆ ನಾವು ಹಾಕಿಕೊಂಡು ಹೋದರೆ ಹೇಗೆ ಎಂದು ಬಂದವರೆಲ್ಲ ಅದರ ಪಕ್ಕದಲ್ಲಿ ತಮ್ಮದನ್ನು ಬಿಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಸಾಲು ಬೇವಿನ ಮರದ ತನಕ ಹೋಗಿರುತ್ತಿತ್ತು.

ಒಳಗೆ ಶಹಾಬಾದಿ ಫರಸಿ ಕಲ್ಲಿನ ನೆಲ, ತಗಡಿನ ಒಂದು ದೊಡ್ಡ ಕೂಲರ್. ಬೇಸಿಗೆ ಬಂತೆಂದರೆ ಆ ಕೂಲರೇ ನಮ್ಮ ದೇವರು. ಅದರ ಹೊಟ್ಟೆಗೆ ಬಕೆಟ್ಟಿನಿಂದ ನೀರು ಹುಯ್ಯುವುದು ಅಪ್ಪನ ಕೆಲಸ. ಟ್ಯಾಂಕರಿನ ನೀರು ಸವಳು. ಅದು ತಗಡನ್ನು ತಿಂದು ಹಾಕಿ, ಕೂಲರ್ ಕೆಳಗೆ ಸದಾ ತೊಟ್ಟಿಕ್ಕುತ್ತಿತ್ತು. ನೆಲ ಒದ್ದೆ. ಕಾದ ಮಣ್ಣು ತುಳಿದು ಬಂದ ಜನ ಆ ಒದ್ದೆಯನ್ನೇ ಹುಡುಕಿಕೊಂಡು ಹೋಗಿ ನಿಲ್ಲುತ್ತಿದ್ದರು. ಪಾದ ತಣ್ಣಗಾಗಲಿ ಪಾಪ, ಎಂದು ನಮಗೂ ಅನಿಸುತ್ತಿತ್ತು.

ಒಂದು ದಿನ ಸೊಂಟದ ಮೇಲೆ ಕೂಸು ಎತ್ತಿಕೊಂಡ ಒಬ್ಬ ಹೆಣ್ಣುಮಗಳು ಬಂದಳು. ಕಮಲನಗರದ ಕಡೆಯವಳು. ಗಂಡ ಹೆಂಡತಿ ಕೂಸು ಸಮೇತ ಹೈದರಾಬಾದಿಗೆ ದುಡಿಯಲು ಹೊರಟಿದ್ದರು. ಊರಲ್ಲಿ ಉಳಿಯುವ ಅತ್ತೆಗೆ ಇವರಿಲ್ಲದಾಗಲೂ ರೇಷನ್ ಸಿಗಬೇಕು, ಅದಕ್ಕೆ ಒಂದು ಕಾಗದ ಬೇಕಿತ್ತು. ನಾನು ಅದನ್ನೇ ಟೈಪ್ ಮಾಡುತ್ತಿದ್ದೆ. ಕೂಸು ಅಳತೊಡಗಿತು. ಗಾಳಿ ಬಡಿಯಲಿ ಎಂದು ಅವಳು ಕೂಲರಿನ ಹತ್ತಿರ ಹೋಗಿ ಅದರ ಅಂಚಿಗೆ ಕೈಯಿಟ್ಟಳು.

ಚೀರಿದ ಸದ್ದಿಗೆ ತಲೆ ಎತ್ತಿದೆ. ಅವಳು ಮಗ್ಗುಲಾಗಿ ಬಿದ್ದಿದ್ದಳು. ಬೀಳುವಾಗಲೂ ಕೂಸನ್ನು ಮೇಲೆ ಮಾಡಿ ಹಿಡಿದು, ತನ್ನ ಮೊಳಕೈಯನ್ನು ಫರಸಿಗೆ ಕೊಟ್ಟಿದ್ದಳು. ಅಪ್ಪ ಓಡಿ ಹೋಗಿ ಕೂಲರಿನ ಸ್ವಿಚ್ಚು ಆರಿಸಿದ. ಕೂಸಿಗೆ ಏನೂ ಆಗಿರಲಿಲ್ಲ. ತಾಯಿಯ ಮುಖ ಬಿಳಿಚಿ ಹೋಗಿತ್ತು, ‘ಕರೆಂಟ್ ಹೊಡೀತು’ ಎಂದಷ್ಟೇ ಅಂದಳು. ನೀರು ಕುಡಿಸಿ ಕೂರಿಸಿದೆವು. ಸ್ವಲ್ಪ ಹೊತ್ತಿಗೆ ಗಂಡ ಬಂದು ಅವಳನ್ನು ದವಾಖಾನೆಗೆ ಕರೆದೊಯ್ದ. ಕಾಗದ ನನ್ನ ಟೈಪ್‌ರೈಟರಿನಲ್ಲಿ ಅರ್ಧಕ್ಕೆ ನಿಂತಿತ್ತು.

‘ನಾವೂ ದಿನಾ ಮುಟ್ಟತೇವಲ್ಲ, ನಮಗೇನೂ ಆಗಂಗಿಲ್ಲ,’ ಎಂದು ಹಿರಿಯ ಗುಮಾಸ್ತರು ಕೂಲರನ್ನು ಅನುಮಾನದಿಂದ ನೋಡಿದರು. ‘ಆಕಿಗೇ ಚಕ್ಕರ್ ಬಂದಿರಬೇಕು.’

ಹೌದಲ್ಲ, ನಮಗೇಕೆ ಆಗುವುದಿಲ್ಲ? ನಾನು ಅವರ ಪಾದ ನೋಡಿದೆ. ಬೂಟು. ನನ್ನ ಪಾದ ನೋಡಿಕೊಂಡೆ. ರಬ್ಬರಿನ ತಳದ ಚಪ್ಪಲಿ. ಆಮೇಲೆ, ಒದ್ದೆ ನೆಲ ಒರೆಸುತ್ತಿದ್ದ ಅಪ್ಪನ ಪಾದ ನೋಡಿದೆ.

‘ಅಪ್ಪಾ, ನಿನಗ ಹೊಡೀತದೇನು ಇದು?’

ಅಪ್ಪ ಬಟ್ಟೆ ಹಿಂಡುತ್ತ ನಕ್ಕ. ‘ಜರಾ ಝುಂ ಅಂತದ, ಅಷ್ಟೇ. ಈ ಬಿಸಲಾಗ ಅದಕ್ಕೂ ತಲಿ ಕೆಟ್ಟಿರ್ತದ. ನಾ ಹುಷಾರಲಿಂದ ಮುಟ್ಟತೀನ್ರಿ ಮೇಡಂ.’

 ಇಡೀ ಬೇಸಿಗೆ, ದಿನವೂ, ಕೈ ಒದ್ದೆ, ಕಾಲು ಒದ್ದೆ, ತುಂಬಿದ ಬಕೆಟ್ಟನ್ನು ಆ ತಗಡಿನ ಅಂಚಿಗೆ ಆನಿಸಿ ನೀರು ಹುಯ್ಯುತ್ತಿದ್ದ ಇವನು. ನಾವೆಲ್ಲ ಎದುರಿಗೆ ಕೂತು ತಂಪು ಗಾಳಿ ತೆಗೆದುಕೊಳ್ಳುತ್ತಿದ್ದೆವು. ಅವನಿಗೆ ಯಾವತ್ತಾದರೂ ಏನಾದರೂ ಆಗಿದ್ದರೆ, ‘ಎದಿ ಒಡದು ಹೋದ’ ಎಂದು ಊರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ನಾನೂ ಅದನ್ನೇ ನಂಬಿ ಅಳುತ್ತಿದ್ದೆ. 

ಕೂಲರಿನ ಪ್ಲಗ್ ಕಿತ್ತು ನಾನು ಸಾಹೇಬರ ಕೋಣೆಗೆ ನಡೆದೆ. ನನ್ನ ಸಿಟ್ಟು ನೋಡಿ ಅವರು ಕೂತಲ್ಲಿಂದ ಎದ್ದೇಬಿಟ್ಟರು. ‘ಮೊದ್ಲು ಯಾರಿಗಾದ್ರೂ ತೋರಿಸೋಣ’ ಎಂದರು. ಕಮಲನಗರದಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ ಒಬ್ಬ ಮಿಸ್ತ್ರಿ ಸಂತೆಯ ದಿನ ಔರಾದಕ್ಕೆ ಬರುತ್ತಿದ್ದ. ಅವನನ್ನು ಕರೆಸಿದೆವು. ಕನ್ನಡಕ್ಕೆ ಅರ್ಧ ಮರಾಠಿ ಸೇರಿಸಿ ಮಾತಾಡುವ ಮನುಷ್ಯ. ಕೂಲರಿನ ಹೊಟ್ಟೆಯಲ್ಲಿ ತಲೆ ಹಾಕಿ ನೋಡಿ, ಪಂಪಿನ ತಂತಿಯ ಮೇಲಿನ ಹೊದಿಕೆ ಬಿರುಕು ಬಿಟ್ಟಿದೆ ಎಂದು ತೋರಿಸಿದ. ಆಮೇಲೆ ಹಿತ್ತಲಿಗೆ ಹೋಗಿ, ಅರ್ಥಿಂಗ್ ತಂತಿ ನೆಲಕ್ಕೆ ಇಳಿದಿದ್ದ ಗುಂಡಿಯ ಮೇಲಿನ ಕಲ್ಲು ಸರಿಸಿದ. ಒಳಗೆ ಮಣ್ಣು ಒಣಗಿ ಸೀಳು ಬಿಟ್ಟಿತ್ತು.

‘ಬಘಾ ಅಕ್ಕಾ, ನೋಡ್ರಿ,’ ಎಂದ. ‘ಸೋರಿದ ಕರೆಂಟ್ ಇಲ್ಲಿಂದ ಭೂಮಿಗೆ ಇಳೀಬೇಕು. ಭೂಮಿನೇ ಹಿಂಗ ಒಣಗಿದ್ರ ಅದು ಎಲ್ಲಿ ಹೋಗಬೇಕು? ಮನುಷ್ಯಾನ ಮೈಯಾಗ ಇಳೀತದ. ಈ ಗುಂಡಿಗಿ ದಿನಾ ನೀರು ಬೇಕು.’

ಬರ ಅಂದರೆ ಹೊಲದ್ದು, ಬಾವಿಯದ್ದು ಎಂದು ತಿಳಿದಿದ್ದೆವು. ಅದು ಆಫೀಸಿನ ತಂತಿಯೊಳಗೂ ಬಂದು ಕೂತಿತ್ತು.

ಮಿಸ್ತ್ರಿ ಬಿರುಕಿಗೆ ಟೇಪು ಸುತ್ತಿ, ಹೊಸ ತಂತಿಗೆ ಮಂಜೂರಿ ತಗೊಳ್ಳಿ ಎಂದು ಹೇಳಿ, ಹೋಗುವಾಗ ಅಪ್ಪನ ಕಾಲು ನೋಡಿ ನಿಂತ. ‘ಮಾಮಾ, ಒದ್ದಿ ಫರಸಿ ಮ್ಯಾಲ ಬರಿಗಾಲು ಬ್ಯಾಡ. ರಬ್ಬರ್ ಚಪ್ಪಲಿ ಹಾಕ್ಕೋರಿ. ನೀರು ಹಾಕೋ ಮುಂದ ಪ್ಲಗ್ ತೆಗೀರಿ.’

ಅಪ್ಪ ತಲೆಯಾಡಿಸಿದ. ಪ್ಲಗ್ಗಿನ ಮಾತನ್ನು ಅಕ್ಷರಶಃ ಪಾಲಿಸಿದ. ಗುಂಡಿಯ ಮಾತಿಗೆ ಮಾತ್ರ ಒದ್ದಾಡಿದ. ಆಫೀಸಿನ ಗೋಡೆಯಾಚೆಯೇ ಟ್ಯಾಂಕರಿಗೆ ಕಾದು ಕೊಡಗಳ ಪಾಳಿ. ಅಷ್ಟು ಹೆಣ್ಣುಮಕ್ಕಳ ಕಣ್ಣೆದುರು ಒಂದು ಬಕೆಟ್ ನೀರು ಒಯ್ದು ನೆಲದ ತೂತಿಗೆ ಸುರಿಯುವುದು ಅವನಿಂದಾಗಲಿಲ್ಲ. ‘ಕೊಡ ಹಿಡ್ಕೊಂಡು ನಿಂತಾರ. ನಾ ಭೂಮ್ಯಾಗ ಹ್ಯಾಂಗ ಸುರೀಲಿ?’ ಎಂದು ಬಕೆಟ್ಟು ಹಿಡಿದು ವಾಪಸು ಬಂದ. ಎರಡು ದಿನ ಯೋಚನೆ ಮಾಡಿ ತಾನೇ ಒಂದು ದಾರಿ ಕಂಡುಕೊಂಡ. ಕುಡಿಯುವ ನೀರಿನ ಹರವಿಯನ್ನು ಒಳಗಿನಿಂದ ತೆಗೆದು ಹಿತ್ತಲ ಕಟ್ಟೆಯ ಮೇಲೆ, ಗುಂಡಿಯ ಪಕ್ಕಕ್ಕೇ ಇಟ್ಟ. ಲೋಟದಲ್ಲಿ ಉಳಿದದ್ದು, ಕೈ ತೊಳೆದದ್ದು, ಲೋಟ ಗಲಬರಿಸಿದ್ದು, ಎಲ್ಲ ಅಲ್ಲಿಗೇ ಹೋಗುವಂತೆ ಮಾಡಿದ. ಗುಂಡಿಯೂ ಹಸಿಯಾಯಿತು, ಒಳಗಿನ ನೆಲದ ಒದ್ದೆಯೂ ಅಷ್ಟು ಕಡಿಮೆಯಾಯಿತು. ಬಂದವರಿಗೆ ‘ಅಲ್ಲೇ ಕೈ ತೊಳೀರಿ, ಆಫೀಸಿಗಿ ಬಾಯಾರಿಕಿ ಆಗ್ಯಾದ’ ಎನ್ನುತ್ತಿದ್ದ. ಜನ ನಗುತ್ತಿದ್ದರು, ತೊಳೆಯುತ್ತಲೂ ಇದ್ದರು.

ಚಪ್ಪಲಿಯೊಂದು ಉಳಿಯಿತು.

ಭಾಲ್ಕಿಯ ಬಜಾರಿನಲ್ಲಿ ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ ತಂದುಕೊಟ್ಟೆ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಛೊಲೊ ಅವ’ ಎಂದ. ಮರುದಿನ ಹಾಕಿಕೊಂಡೇ ಕೋಣೆಯಿಂದ ಹೊರಟ. ಕಚೇರಿಯ ಮೆಟ್ಟಿಲಿಗೆ ಬಂದ. ಬಿಟ್ಟ. ಮೂತಿ ರಸ್ತೆಯ ಕಡೆ ಮಾಡಿ ನೆಟ್ಟಗೆ ಇಟ್ಟ. ನಾನು ಕಣ್ಣು ಕೆಂಪಗೆ ಮಾಡಿದರೆ, ಮರೆತೆ ಎಂದ. ಮರುದಿನವೂ ಮರೆತ. ಆಮೇಲೆ ನೆಪ ಹೇಳುವುದನ್ನೂ ಬಿಟ್ಟ. ಹೊಸ ಚಪ್ಪಲಿ ಕೊಳೆಯಾಗಬಾರದೆಂದು ಕಾಗದ ಸುತ್ತಿ ಆಫೀಸಿನ ಕಪಾಟಿನಲ್ಲಿಟ್ಟು, ಹಳೆಯ ಚರ್ಮದ್ದನ್ನೇ ಮೆಟ್ಟಿಲಿಗೆ ಬಿಡತೊಡಗಿದ.

ಅಪ್ಪ ಕೇಳದಿದ್ದರೆ ಜನರಾದರೂ ಕೇಳಲಿ ಎಂದು ಸಾಹೇಬರಿಗೆ ಹೇಳಿ ಒಂದು ಬೋರ್ಡು ಬರೆಸಿದೆ. ದಪ್ಪ ಅಕ್ಷರ, ‘ದಯವಿಟ್ಟು ಚಪ್ಪಲಿ ಹಾಕಿಕೊಂಡೇ ಒಳಗೆ ಬನ್ನಿ’. ಬಾಗಿಲ ಮೇಲೆ ಹೊಡೆಸಿ, ಬಹಳ ದೊಡ್ಡ ಕೆಲಸ ಮಾಡಿದವಳ ಹಾಗೆ ನನ್ನ ಕುರ್ಚಿಗೆ ಬಂದು ಕೂತೆ. ಅಂದು ಮಧ್ಯಾಹ್ನ ಚಪ್ಪಲಿಯ ಸಾಲು ಬೇವಿನ ಮರ ದಾಟಿತ್ತು. ಅಲ್ಲಿಯವರೆಗೆ ಧೈರ್ಯ ಮಾಡಿ ಹಾಕಿಕೊಂಡೇ ಬರುತ್ತಿದ್ದ ನಾಲ್ಕು ಜನವೂ ಈಗ ಬಿಟ್ಟು ಬಂದಿದ್ದರು. ಓದು ಬಲ್ಲ ಒಬ್ಬ ಶಾಲೆಯ ಮಾಸ್ತರರೂ ಬರಿಗಾಲಲ್ಲಿ ನಿಂತಿದ್ದು ಕಂಡು ನನಗೆ ತಡೆಯಲಾಗಲಿಲ್ಲ.

‘ಸರ್, ಬೋರ್ಡು ಓದಿಲ್ಲೇನ್ರಿ?’

‘ನೋಡಿದೆ ಅಕ್ಕಾರ, ಅದಕ್ಕೇ ಬಿಟ್ಟು ಬಂದೀನಿ,’ ಎಂದರು ಅವರು. ಹೊರಗೆ ಹೋಗಿ ಪೂರ್ತಿ ಓದಿ ಬಂದು ನಾಚಿಕೊಂಡರು. ಬಾಗಿಲ ಮೇಲೆ ಚಪ್ಪಲಿ ಎಂಬ ಮಾತು ಕಂಡರೆ ಬಿಡಬೇಕು ಎಂದೇ ಬರೆದಿರುತ್ತದೆ ಎಂದು ನಮ್ಮ ಕಡೆಯ ಕಾಲುಗಳಿಗೆ ಗೊತ್ತು. ಉಳಿದದ್ದನ್ನು ಕಣ್ಣು ಓದುವ ಕಷ್ಟ ತೆಗೆದುಕೊಳ್ಳುವುದಿಲ್ಲ. ಸಂಜೆ ನಾನೇ ಬೋರ್ಡು ಇಳಿಸಿದೆ. ಅಪ್ಪ ಸ್ಟೂಲನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದ. ಅವನ ಮೀಸೆಯೊಳಗೆ ನಗು ಇತ್ತು.

ನಗು ಬಹಳ ದಿನ ಉಳಿಯಲಿಲ್ಲ. ಬಿಸಿಲು ತಲೆಯ ಮೇಲಿದ್ದ ಒಂದು ಹೊತ್ತು, ಅಪ್ಪ ಪ್ಲಗ್ ತೆಗೆದು ಕೂಲರಿಗೆ ನೀರು ತುಂಬುತ್ತಿದ್ದ. ಸೆಕೆ ತಡೆಯದ ಒಬ್ಬ ಗುಮಾಸ್ತ, ತುಂಬಿದ್ದು ಮುಗಿಯಿತೆಂದು ತಿಳಿದು, ಆ ಕಡೆ ಬಂದು ಪ್ಲಗ್ ಚುಚ್ಚಿ ಸ್ವಿಚ್ಚು ಹಾಕಿಬಿಟ್ಟ. ಅಪ್ಪನ ಒಂದು ಕೈ ಇನ್ನೂ ಕೂಲರಿನೊಳಗಿತ್ತು. ಟೇಪು ಆಗಲೇ ಬಿಟ್ಟುಕೊಂಡಿತ್ತೋ ಏನೋ. ಬಕೆಟ್ಟು ಹಾರಿ ಬಿತ್ತು, ಅಪ್ಪ ಗೋಡೆಗೆ ಬಡಿದು ಕುಸಿದು ಕೂತ.

ನಾನು ಓಡಿದ್ದು ನೆನಪಿಲ್ಲ. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಕಣ್ಣು ತೆರೆದೇ ಇತ್ತು. ‘ಏನೂ ಆಗಿಲ್ರಿ ಮೇಡಂ’ ಎಂದ. ಹಲ್ಲು ಕಟಕಟ ಅನ್ನುತ್ತಿತ್ತು. ದವಾಖಾನೆಯಲ್ಲಿ ನೋಡಿ, ದೈವ ದೊಡ್ಡದು, ವಿಶ್ರಾಂತಿ ತಗೊಳ್ಳಲಿ ಎಂದರು. ಕೋಣೆಗೆ ಕರೆತಂದು ಚಹಾ ಕೊಟ್ಟರೆ ಬಟ್ಟಲು ಹಿಡಿಯಲು ಅವನ ಬೆರಳುಗಳಿಗೆ ಆಗಲಿಲ್ಲ. ನಾನೇ ಹಿಡಿದು ಕುಡಿಸಿದೆ. ಸಣ್ಣವಳಿದ್ದಾಗ ಜ್ವರ ಬಂದರೆ ಅವನು ನನಗೆ ಹೀಗೆಯೇ ಕುಡಿಸುತ್ತಿದ್ದ.

ಅಷ್ಟಾದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

‘ಒಂದು ಚಪ್ಪಲಿ ಹಾಕ್ಕೊಳ್ಳಿಕ್ಕ ನಿನಗೇನು ಧಾಡಿ ಆಗ್ಯಾದ ಅಪ್ಪಾ? ನಿನಗ ಏನಾರ ಆದ್ರ ಅವ್ವನ ಮುಂದ ನಾ ಹ್ಯಾಂಗ ನಿಲ್ಲಲಿ?’

ಅಪ್ಪ ಹೊಸ್ತಿಲ ಮೇಲೆ ಕೂತು ಓಣಿಯನ್ನೇ ನೋಡುತ್ತಿದ್ದ. ಬಿಸಿಲು ಇಳಿಯುತ್ತಿತ್ತು.

‘ನಮ್ಮಪ್ಪ ಊರಾಗ ದೊಡ್ಡಮನಿ ಮುಂದ ಚಪ್ಪಲಿ ಕೈಯಾಗ ಹಿಡ್ಕೊಂಡು ದಾಟ್ತಿದ್ದ,’ ಎಂದ. ‘ಅವನ ಬೆನ್ನಿಗಿ ನಾನೂ ದಾಟೀನಿ. ಆ ಕಾಲ ಹೋಯ್ತು, ನನಗ ಗೊತ್ತದ. ಬುದ್ಧ ವಿಹಾರದಾಗ ಕುಂತು ನಾನೇ ನಾಕ ಮಂದಿಗಿ ಹೇಳ್ತೀನಿ. ನೌಕರಿಗಿ ಹಾಜರಾದ ದಿನ ಆಫೀಸಿನ ಬಾಗಿಲ ಕಂಡೆ. ಕಾಲು ತಾವೇ ಬಿಟ್ಟವು. ಯಾರೂ ಬಿಡು ಅಂದಿಲ್ಲ ಮಗಳ. ಬಿಡು ಅಂದಿದ್ರ ಜಗಳ ಮಾಡಿ ಹಾಕ್ಕೋತಿದ್ದೆ.’

ನಾನು ಅವನ ಪಕ್ಕ ಕೂತೆ. ಅವನ ಪಾದದ ಅಂಚು ಒಡೆದು, ಒಡಕಿನಲ್ಲಿ ಫರಸಿಯ ಧೂಳು ತುಂಬಿತ್ತು. ಆ ಪಾದಗಳ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ ಅಷ್ಟೇ ಪ್ರೀತಿ ಇತ್ತು. ಅವುಗಳಿಗೆ ಏನು ಹೇಳಿದರೆ ಕೇಳುತ್ತವೆಂದು ಮಾತ್ರ ತಿಳಿಯಲಿಲ್ಲ.

ಆ ಪೆಟ್ಟಿನ ನಂತರ ಕಚೇರಿಗೆ ಭಯ ಹುಟ್ಟಿತು. ಹೊಸ ತಂತಿ ಬರುವವರೆಗೆ ಕೂಲರ್ ಬಂದ್ ಎಂದು ಸಾಹೇಬರು ಹೇಳಿದಾಗ ಯಾರೂ ಗೊಣಗಲಿಲ್ಲ. ಪ್ಲಗ್ ಚುಚ್ಚಿದ್ದ ಗುಮಾಸ್ತ ತಾನೇ ನಿಂತು ರೆಕಾರ್ಡ್ ಕೋಣೆಯ ರ‍್ಯಾಕನ್ನು ಗೋಡೆಗೆ ಬಿಗಿಸಿದ. ರೂಲರಿನ ಸ್ವಿಚ್ಚು ಬದಲಾಯಿತು. ಸಡಿಲ ಕಾಲಿನ ಕುರ್ಚಿಯನ್ನು ಹಿತ್ತಲಿಗೆ ಹಾಕಿದರು. ಮಿಸ್ತ್ರಿ ಬಂದು ಹೊಸ ತಂತಿ ಹಾಕಿ, ಟೆಸ್ಟರ್ ಹಿಡಿದು ಎಲ್ಲ ಕಡೆ ಮುಟ್ಟಿ ತೋರಿಸಿದ. ಹೋಗುವಾಗ ಮತ್ತೆ ಅಪ್ಪನ ಕಾಲು ನೋಡಿದ. ‘ತಂತಿ ಹೊಸದದ ಮಾಮಾ. ಹೊಸದು ಹೊಸದಾಗೇ ಇರಂಗಿಲ್ಲ,’ ಎಂದ. ಅಪ್ಪ ಸುಮ್ಮನೆ ತಲೆಯಾಡಿಸಿದ. ಪೆಟ್ಟು ತಿಂದು ಮತ್ತೆ ಕೆಲಸಕ್ಕೆ ಬಂದ ದಿನವೂ ಅವನ ಚಪ್ಪಲಿ ಮೆಟ್ಟಿಲ ಬದಿಯಲ್ಲೇ ಇತ್ತು.

ಆ ವಾರವೇ ಅವಳು ಮತ್ತೆ ಬಂದಳು, ಕೂಸಿನ ತಾಯಿ. ಮೊಳಕೈಗೆ ಪಟ್ಟಿ ಸುತ್ತಿತ್ತು. ಗಂಡ ಬಸ್‌ಸ್ಟ್ಯಾಂಡಿನಲ್ಲಿ ಗಂಟುಮೂಟೆ ಕಾಯುತ್ತ ಕೂತಿದ್ದನಂತೆ, ಅಂದೇ ಹೈದರಾಬಾದಿಗೆ ಹೊರಟಿದ್ದರು. ಕಾಗದ ತಯಾರಿತ್ತು. ಹೆಬ್ಬೆಟ್ಟು ಒತ್ತಬೇಕಿತ್ತು ಅಷ್ಟೇ. ಆದರೆ ಅವಳು ಒಳಗೆ ಬರಲೊಲ್ಲಳು. ಮೆಟ್ಟಿಲ ಕೆಳಗೆ ನಿಂತು ಬಾಗಿಲೊಳಗಿನ ಕೂಲರನ್ನೇ ನೋಡುತ್ತಿದ್ದಳು. ಅವಳ ಹಿಂದೆ ಐದಾರು ಜನ, ತಮ್ಮ ಪಾಳಿಗೆ ಕಾದು ನಿಂತಿದ್ದರು.

ಅಪ್ಪ ಹೊರಗೆ ಹೋದ. ನನ್ನ ಮೇಜು ಬಾಗಿಲ ಪಕ್ಕದಲ್ಲೇ ಇದ್ದುದರಿಂದ ಎಲ್ಲ ಕೇಳಿಸುತ್ತಿತ್ತು.

‘ಬಾ ತಾಯಿ, ಈಗ ಏನೂ ಆಗಂಗಿಲ್ಲ. ಎಲ್ಲ ರಿಪೇರಿ ಆಗ್ಯಾದ.’

‘ಬ್ಯಾಡ್ರಿ ಕಾಕಾ. ನನಗ ಅಂಜಿಕಿ ಬರ್ತದ.’

‘ಚಪ್ಪಲಿ ಹಾಕ್ಕೊಂಡೇ ಬಾ. ರಬ್ಬರ್ ಇದ್ರ ಹೊಡಿಯಂಗಿಲ್ಲ. ಮಿಸ್ತ್ರಿ ಹೇಳ್ಯಾನ.’

ಅವಳು ಕೂಸನ್ನು ಮತ್ತೊಂದು ಸೊಂಟಕ್ಕೆ ಬದಲಿಸಿ, ಕಣ್ಣು ಕೆಳಗೆ ಹಾಕಿ ಅಪ್ಪನ ಪಾದ ನೋಡಿದಳು.

‘ನೀವು ಬರಿಗಾಲಾಗ ನಿಂತೀರಲ್ಲ ಕಾಕಾ,’ ಎಂದಳು. ‘ನಿಮ್ದು ಜೀವ ಅಲ್ಲೇನ್ರಿ?’

ಅವಳ ದನಿಯಲ್ಲಿ ಕುಹಕವಿರಲಿಲ್ಲ. ನಿಜಕ್ಕೂ ಕೇಳಿದ್ದಳು. ಅಪ್ಪ ತನ್ನ ಪಾದ ನೋಡಿಕೊಂಡ.  ಬೇವಿನ ಮರದ ಕೆಳಗಿನ ಜನರೂ ಈಗ ಅವನ ಕಾಲನ್ನೇ ನೋಡುತ್ತಿದ್ದರು. ನಾನು ಟೈಪ್ ಮಾಡುವುದು ಬಿಟ್ಟೆ.

ಅವನು ಒಳಗೆ ಬಂದು ಕಪಾಟು ತೆರೆದ. ಕಾಗದ ಬಿಚ್ಚಿ ನೀಲಿ ಪಟ್ಟಿಯ ಚಪ್ಪಲಿ ಕೈಗೆ ತೆಗೆದುಕೊಂಡ. ಒಳಗಿನಿಂದಲೇ ಹಾಕಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಮೆಟ್ಟಿಲಿಳಿದು ಹೊರಗೆ ಹೋಗಿ, ಎಲ್ಲರ ಎದುರು ನೆಲಕ್ಕಿಟ್ಟು, ಒಂದೊಂದಾಗಿ ಕಾಲು ತೂರಿಸಿದ. ಆಮೇಲೆ ಆ ಹೆಣ್ಣುಮಗಳ ಮುಂದೆ ಮುಂದೆ ಮೆಟ್ಟಿಲು ಹತ್ತಿ ಹೊಸ್ತಿಲಿಗೆ ಬಂದ.

ಅಲ್ಲಿ ನಿಂತುಬಿಟ್ಟ. ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು. ಸಾಹೇಬರ ಕೋಣೆಯ ಪರದೆ ಎದುರಿಗೇ ಇತ್ತು, ಅವನು ಆ ಕಡೆ ನೋಡಲಿಲ್ಲ. ನನ್ನನ್ನು ನೋಡಿದ. ಅಷ್ಟು ವರ್ಷ ಓಡಾಡಿದ ಬಾಗಿಲಲ್ಲಿ ಹೊಸದಾಗಿ ಶಾಲೆಗೆ ಬಂದ ಹುಡುಗನ ಹಾಗೆ ಅಂಜಿದ ಮುಖ.

‘ಮಗಳ,’ ಎಂದ, ಆಫೀಸಿನೊಳಗೆ, ಎಲ್ಲರ ಕಿವಿಗೆ ಬೀಳುವಂತೆ. ‘ಒಳಗ ಬರ್ಲೇನು?’

ನಾನು ಕುರ್ಚಿಯಿಂದ ಎದ್ದು ನಿಂತೆ. 

‘ಬಾ ಅಪ್ಪಾ.’

ಚಪ್ಪಲಿಯ ಕಾಲು ಫರಸಿಯ ಮೇಲಿಟ್ಟ. ಮತ್ತೊಂದು ಇಟ್ಟ. ಚಟ್ ಚಟ್ ಎಂಬ ಸದ್ದು ಮಾಡುತ್ತ ಕೂಲರಿನ ಹತ್ತಿರದ ಕುರ್ಚಿಯ ತನಕ ಹೋಗಿ, ಅದನ್ನು ಒರೆಸಿ, ತಿರುಗಿ ನಿಂತ. ಕೂಸಿನ ತಾಯಿ ತನ್ನ ಸವೆದ ಚಪ್ಪಲಿ ಹಾಕಿಕೊಂಡೇ ಅವನ ಹಿಂದೆ ಬಂದು ಆ ಕುರ್ಚಿಯಲ್ಲಿ ಕೂತಳು. ಗಾಳಿಗೆ ಕೂಸಿನ ಕೂದಲು ಹಾರಿತು. ನಾನು ಕಾಗದ ಒಯ್ದುಕೊಟ್ಟು ಅವಳ ಹೆಬ್ಬೆಟ್ಟು ಹಿಡಿದು ಒತ್ತಿಸಿದೆ.

ಹೊರಗೆ ಒಬ್ಬ ಮುದುಕಿ, ಬಿಟ್ಟಿದ್ದ ಚಪ್ಪಲಿಯನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲ ತನಕ ಬಂದಿದ್ದಳು. ಹಾಕಿಕೊಳ್ಳಲೂ ಆಗದೆ, ಬಿಡಲೂ ಆಗದೆ ನಿಂತಿದ್ದಳು. ಅಪ್ಪ ಅವಳ ಹತ್ತಿರ ಹೋದ. ಅವಳ ಕೈಯಿಂದ ಚಪ್ಪಲಿ ಇಸಿದುಕೊಂಡು, ಬಗ್ಗಿ, ಅವಳ ಕಾಲ ಮುಂದಿಟ್ಟ. ಈ ಸಲ ಮೂತಿ ಒಳಗಿನ ಕಡೆ ಇತ್ತು.

‘ಹಾಕ್ಕೊಂಡೇ ಬಾ ಅವ್ವಾ,’ ಎಂದ. ‘ಇದು ನಮ್ದೇ ಆಫೀಸ್ ಅದ.’